ರವಿಕೆ ಅಳತೆ ಹೇಳಿ ಬ್ರಾ ತಗೊಳ್ಬೇಡಿ: ಸರಿಯಾದ ಸೈಜ್ ಹುಡುಕುವ ಪೂರ್ತಿ ಕ್ರಮ

ಮಂಗಳೂರಿನ ಹಂಪನಕಟ್ಟೆ ಬದಿಯ ಒಂದು ಲೇಡೀಸ್ ಅಂಗಡಿಯ ಕೌಂಟರಲ್ಲಿ ನಾಲ್ಕು ವರ್ಷ ನಿಂತವಳು ನಾನು. ಈಗ ಉಡುಪಿಯಲ್ಲಿ ಮನೆ, ಆದ್ರೂ ನೆಂಟರಲ್ಲಿ ಯಾರಿಗೆ ಬ್ರಾ ಸರಿ ಆಗದಿದ್ರೂ ಫೋನ್ ಬರುದು ನನಗೇ, ಮತ್ತೆ ಎಲ್ಲರದ್ದೂ ಒಂದೇ ಕತೆ, 34 ತಂದ್ರೆ ಬಿಗಿ 36 ತಂದ್ರೆ ಸಡಿಲ, ಅಂಗಡಿಯವ್ರು ಒಳಗಿನ ಬಟ್ಟೆ ವಾಪಸ್ ತಗೊಳ್ಳುದಿಲ್ಲ, ಕಪಾಟಲ್ಲಿ ನಾಲ್ಕು ಹೊಸತು ಹಾಗೇ ಬಿದ್ದುಂಟು. ಕಳೆದ ತಿಂಗಳು ನನ್ನ ಅತ್ತಿಗೆ ಮೂರನೇ ಸಲ ಹೀಗೇ ದುಡ್ಡು ಹಾಳು ಮಾಡಿಕೊಂಡ್ರು, ಅದಕ್ಕೆ ಇದನ್ನು ಒಂದೇ ಕಡೆ ಬರೆದಿಡುವ ಅಂತ ಕೂತೆ.

ತಪ್ಪು ಎಲ್ಲಿ ಆಗುದು ಗೊತ್ತುಂಟಾ? ಕೌಂಟರಲ್ಲಿ ನಾನು "ಎಷ್ಟು ಸೈಜ್ ಅಕ್ಕಾ" ಅಂತ ಕೇಳಿದ್ರೆ ಹತ್ತರಲ್ಲಿ ಎಂಟು ಜನ "36" ಅಂತ ಮೆಲ್ಲ ಹೇಳುದು, "ಕಪ್ ಯಾವುದು" ಅಂತ ಕೇಳಿದ್ರೆ "ಅದೆಲ್ಲ ಗೊತ್ತಿಲ್ಲ, ರವಿಕೆ 36". ರವಿಕೆಯ 36 ಅಂದ್ರೆ ಎದೆಯ ಮೇಲಿಂದ ಹೋಗುವ ಸುತ್ತಳತೆ, ಬ್ರಾದ 36 ಅಂದ್ರೆ ಎದೆಯ ಕೆಳಗೆ ಪಕ್ಕೆಲುಬಿನ ಮೇಲೆ ಕೂರುವ ಪಟ್ಟಿಯ ನಂಬರ್. ಎರಡು ಬೇರೆ ಬೇರೆ ಜಾಗ. ಕಪ್ ಅಂದ್ರೆ ಎದೆ ಕೂರುವ ಬಟ್ಟಲು, ಅದರ ಅಳತೆ ಎ, ಬಿ, ಸಿ ಅಂತ ಅಕ್ಷರದಲ್ಲಿ. ರವಿಕೆ ನಂಬರ್ ಹೇಳಿದವರಿಗೆ ಹೆಚ್ಚಾಗಿ ಪಟ್ಟಿ ದೊಡ್ಡದು, ಕಪ್ ಸಣ್ಣದು ಸಿಗ್ತದೆ. ಕೆಳಗೆ ಹೇಳಿದ ಕ್ರಮದಲ್ಲೇ ಹೋಗಿ, ಮೊದಲು ಪಟ್ಟಿ, ಆಮೇಲೆ ಕಪ್, ಸ್ಟ್ರಾಪ್ ಎಲ್ಲಕ್ಕಿಂತ ಕೊನೆಗೆ. ಕ್ರಮ ತಪ್ಪಿದ್ರೆ ಇಡೀ ಲೆಕ್ಕ ಅಡಿಮೇಲು.

ಹಂತ 1: ಸಾಮಾನು ಮತ್ತು ಸಮಯ

ಟೈಲರ್ ಟೇಪ್ ಒಂದು, ಸೊಂಟದ ತನಕ ಕಾಣುವ ಕನ್ನಡಿ ಒಂದು, ಪೆನ್ನು ಕಾಗದ, ಮತ್ತೆ ಸ್ಪಂಜು ಪ್ಯಾಡ್ ಇಲ್ಲದ ತೆಳು ಬ್ರಾ ಒಂದು. ಇಷ್ಟೇ. ಹೊಲಿಗೆ ಮಿಷಿನಿನ ಡ್ರಾಯರಲ್ಲಿ ಹತ್ತು ವರ್ಷದಿಂದ ಬಿದ್ದಿರುವ ಬಟ್ಟೆ ಟೇಪ್ ಆದ್ರೆ ಒಮ್ಮೆ ಮಕ್ಕಳ ಸ್ಕೇಲಿನ ಪಕ್ಕ ಇಟ್ಟು ನೋಡಿ, ಎಳೆದೆಳೆದು ಉದ್ದ ಆಗಿರ್ತದೆ. 30 ಸೆಂಟಿಮೀಟರಿಗೆ ಅರ್ಧ ಸೆಂಟಿಮೀಟರ್ ವ್ಯತ್ಯಾಸ ಬಂದ್ರೂ ಬೇಡ, ಯಾಕಂದ್ರೆ 75ರ ಹತ್ರ ಹೋಗುವಾಗ ಅದು ಒಂದು ದಾಟ್ತದೆ, ಪಟ್ಟಿ ನಂಬರೇ ತಪ್ಪಿ ಹೋಗ್ಬಹುದು.

ಮುಟ್ಟಿನ ಮೊದಲಿನ ವಾರ ಅಳೀಬೇಡಿ. ಆಗ ತುಂಬ ಜನರಿಗೆ ಎದೆ ಊದಿಕೊಂಡು ನೋವು ಇರ್ತದೆ, ಕಪ್ ಒಂದು ಹೆಚ್ಚು ಬಂದ್ರೂ ಬಂತು. ಮುಟ್ಟು ಮುಗಿದ ಮೇಲಿನ ವಾರ ಒಳ್ಳೇದು. ಮತ್ತೆ ನೈಟಿ ಮೇಲಿಂದ ಅಳೆಯುವ ಕೆಲಸ ಬೇಡ ಮಾರಾಯ್ರೆ, ಬಾಗಿಲು ಹಾಕಿಕೊಂಡು ಐದು ನಿಮಿಷದ ಕೆಲಸ ಇದು.

ಹಂತ 2: ಕೆಳಸುತ್ತು, ಅಂದ್ರೆ ಅಂಡರ್‌ಬಸ್ಟ್

ಟೇಪನ್ನು ಎದೆಯ ಕೆಳಗೆ, ಎದೆ ಮತ್ತು ಹೊಟ್ಟೆಯ ಮೇಲ್ಭಾಗ ಸೇರುವ ಗೆರೆಯಲ್ಲಿ ಸುತ್ತಿ. ಕನ್ನಡಿಗೆ ಪಕ್ಕ ತಿರುಗಿ ನಿಂತು ನೋಡಿ, ಟೇಪ್ ಬೆನ್ನಲ್ಲಿ ಕೆಳಗೆ ಜಾರಿದೆಯಾ ಮೇಲೆ ಹೋಗಿದೆಯಾ ಅಂತ. ಒಬ್ಬರೇ ಅಳೆಯುವಾಗ ಆಗುವ ದೊಡ್ಡ ತಪ್ಪು ಇದೇ, ಎದುರು ನೆಟ್ಟಗೆ ಇರ್ತದೆ ಹಿಂದೆ ಟೇಪ್ ಸೊಂಟದ ಕಡೆ ಹೋಗಿರ್ತದೆ, ಎರಡು ಮೂರು ಸೆಂಟಿಮೀಟರ್ ಸುಮ್ಮನೆ ಹೆಚ್ಚು ಬರ್ತದೆ. ಅಕ್ಕನೋ ಅಮ್ಮನೋ ಇದ್ರೆ ಹಿಂದೆ ಹಿಡಿದುಕೊಳ್ಳಲಿಕ್ಕೆ ಹೇಳಿ.

ಉಸಿರು ಪೂರ್ತಿ ಬಿಟ್ಟು, ಟೇಪ್ ಮೈಗೆ ಅಂಟಿ ಕೂರುವಷ್ಟು ಬಿಗಿ ಮಾಡಿ ಒಂದು ನಂಬರ್ ಬರೀರಿ. ಚರ್ಮ ಒತ್ತಿ ಹೋಗುದು ಬೇಡ, ಬೆರಳು ಹಾಕಿದ್ರೆ ಸಡಿಲ ಜಾರುದೂ ಬೇಡ. ಸೆಂಟಿಮೀಟರಲ್ಲೇ ಬರ್ದಿಡಿ, ಇಂಚಲ್ಲಿ ಹೋದ್ರೆ "ಇಪ್ಪತ್ತೊಂಬತ್ತೂವರೆ, ಮೂವತ್ತು ಅಂತ ಇಡುವ" ಅಂತ ಮನಸ್ಸು ಮೋಸ ಮಾಡ್ತದೆ.

ಹಂತ 3: ಎದೆಸುತ್ತು, ಎರಡು ಸಲ

ಈಗ ಆ ತೆಳು ಬ್ರಾ ಹಾಕಿಕೊಂಡು ಎದೆ ಎಲ್ಲಿ ಜಾಸ್ತಿ ಮುಂದೆ ಬಂದಿದೆಯೋ ಆ ಜಾಗದಲ್ಲಿ ಸುತ್ತ ಟೇಪ್ ಹಿಡೀರಿ. ಇಲ್ಲಿ ಬಿಗಿ ಮಾಡ್ಲೇಬಾರದು, ಟೇಪ್ ಮುಟ್ಟಿದ್ರೆ ಸಾಕು. ಇದು ನಿಂತ ಅಳತೆ.

ಆಮೇಲೆ ಸೊಂಟದಿಂದ ಬಗ್ಗಿ, ಬೆನ್ನು ನೆಲಕ್ಕೆ ಸಮ ಆಗುವ ಹಾಗೆ, ಬ್ರಾ ಇಲ್ಲದೆ ಇನ್ನೊಂದು ಸಲ. ಇದನ್ನು ಯಾರೂ ಮಾಡುದಿಲ್ಲ, ಆದ್ರೆ ಮೆತ್ತಗಿನ ಎದೆ ಇರುವವರಿಗೆ, ಮಗುವಿಗೆ ಹಾಲು ಕೊಟ್ಟು ನಿಲ್ಲಿಸಿದವರಿಗೆ, ವಯಸ್ಸು ನಲವತ್ತು ದಾಟಿದವರಿಗೆ ನಿಂತು ಅಳೆದ್ರೆ ಇರುವಷ್ಟು ಕಾಣುದೇ ಇಲ್ಲ, ಬಗ್ಗಿದಾಗ ನಾಲ್ಕೈದು ಸೆಂಟಿಮೀಟರ್ ಹೆಚ್ಚು ಬರ್ತದೆ. ಎರಡೂ ಕೂಡಿಸಿ ಎರಡರಿಂದ ಭಾಗಿಸಿ, ಬಂದದ್ದು ನಿಮ್ಮ ಎದೆಸುತ್ತು.

ಹಂತ 4: ಲೆಕ್ಕ

ಪಟ್ಟಿ ನಂಬರಿಗೆ ಕೆಳಸುತ್ತು ಮಾತ್ರ ನೋಡುದು. 63ರಿಂದ 67 ಸೆಂಟಿಮೀಟರ್ ಬಂದ್ರೆ 30, 68ರಿಂದ 72 ಆದ್ರೆ 32, 73ರಿಂದ 77 ಆದ್ರೆ 34, 78ರಿಂದ 82 ಆದ್ರೆ 36, 83ರಿಂದ 87 ಆದ್ರೆ 38, 88ರಿಂದ 92 ಆದ್ರೆ 40. ಯೂರೋಪಿನ ಸೈಜ್ ಹಾಕಿದ ಮಾಲಲ್ಲಿ 34ರ ಬದಲು 75 ಅಂತ, 36ರ ಬದಲು 80 ಅಂತ ಇರ್ತದೆ, ಅದು ಅದೇ.

ಕಪ್‌ಗೆ ಎದೆಸುತ್ತಲ್ಲಿ ಕೆಳಸುತ್ತು ಕಳೀರಿ. 12ರಿಂದ 14 ಸೆಂಟಿಮೀಟರ್ ಉಳಿದ್ರೆ ಎ, 14ರಿಂದ 16 ಆದ್ರೆ ಬಿ, 16ರಿಂದ 18 ಸಿ, 18ರಿಂದ 20 ಡಿ, 20ರಿಂದ 22 ಆದ್ರೆ ಡಬಲ್ ಡಿ, ಕೆಲವರು ಅದಕ್ಕೆ ಇ ಅಂತ ಬರೀತಾರೆ.

ಅತ್ತಿಗೆಯದ್ದೇ ಲೆಕ್ಕ ಹೇಳ್ತೇನೆ, ಅವರನ್ನು ಕೇಳಿಯೇ ಬರೆಯುದು. ಕೆಳಸುತ್ತು 75, ನಿಂತ ಅಳತೆ 91, ಬಗ್ಗಿದ ಅಳತೆ 95. ಎರಡರ ಸರಾಸರಿ 93. 75 ಕಳೆದ್ರೆ 18. ಅಂದ್ರೆ ಪಟ್ಟಿ 34, ಕಪ್ ಸಿ ಮತ್ತು ಡಿ ನಡುವೆ. ಇವರು ಇಷ್ಟು ವರ್ಷ ಹಾಕಿದ್ದು ಯಾವುದು? 36ಬಿ. ಯಾಕಂದ್ರೆ 91 ಸೆಂಟಿಮೀಟರ್ ಅಂದ್ರೆ ಹೆಚ್ಚುಕಮ್ಮಿ 36 ಇಂಚು, ಅದು ಅವರ ರವಿಕೆ ಅಳತೆ! ಮತ್ತೆ ನಂಬರ್ ಮಾತ್ರ ಹೇಳಿ ಕೇಳಿದ್ರೆ ಅಂಗಡಿಯಲ್ಲಿ ಕೈಗೆ ಸಿಗುದು ಹೆಚ್ಚಾಗಿ ಬಿ ಕಪ್.

ಈಗ ಆ "34 ಬಿಗಿ, 36 ಸಡಿಲ" ಕತೆ ನೋಡಿ. 34 ಅಂತ ಕೇಳಿದಾಗ ಸಿಕ್ಕಿದ್ದು 34ಬಿ, ಕಪ್ ತುಂಬಿ ಹೊರಗೆ ಬಂತು, ಎದುರು ಎಳೆದು ಹಿಡಿದದ್ದಕ್ಕೆ ಮೈಯೆಲ್ಲ ಬಿಗಿ ಅನ್ನಿಸ್ತು. ಸರಿ ಅಂತ 36ಕ್ಕೆ ಹೋದ್ರು, ಕಪ್ ಸ್ವಲ್ಪ ಸಡಿಲ ಆಯ್ತು ಆದ್ರೆ ಪಟ್ಟಿ ಬೆನ್ನಲ್ಲಿ ಮೇಲೆ ಹತ್ತಲಿಕ್ಕೆ ಶುರು. ನಿಜವಾಗಿ ಬೇಕಾದದ್ದು 34 ಪಟ್ಟಿಗೆ ದೊಡ್ಡ ಕಪ್. ಪಟ್ಟಿ ಸರಿ ಇದ್ದು ಕಪ್ ಸಣ್ಣ ಆದ್ರೆ ಅಕ್ಷರ ಹೆಚ್ಚು ಮಾಡಿ, ನಂಬರ್ ಮುಟ್ಟಬೇಡಿ. ಇದೊಂದು ತಲೆಗೆ ಹೋದ್ರೆ ಅರ್ಧ ಕೆಲಸ ಆಯ್ತು.

ಇನ್ನೊಂದು ವಿಷಯ, ಸಿ ಕಪ್ ಅಂದ್ರೆ ಒಂದೇ ಅಳತೆಯ ಬಟ್ಟಲು ಅಲ್ಲ. 32ಸಿ ಕಪ್ ಸಣ್ಣದು, 38ಸಿ ಕಪ್ ತುಂಬ ದೊಡ್ಡದು, ಪಟ್ಟಿ ಜೊತೆ ಕಪ್ಪೂ ಬೆಳೀತದೆ. ಪಟ್ಟಿ ಒಂದು ನಂಬರ್ ಇಳಿಸಿ ಕಪ್ ಒಂದು ಅಕ್ಷರ ಏರಿಸಿದ್ರೆ ಕಪ್ಪಿನೊಳಗಿನ ಜಾಗ ಅಷ್ಟೇ ಇರ್ತದೆ, ಹಾಗಾಗಿ 36ಬಿ, 34ಸಿ, 32ಡಿ ಮೂರೂ ಅಕ್ಕತಂಗಿಯರು, ಸಿಸ್ಟರ್ ಸೈಜ್ ಅಂತ ಹೇಳುದು ಇದಕ್ಕೇ. "ಡಿ ಕಪ್ಪಾ? ನನಗಾ? ಅಷ್ಟೆಲ್ಲ ಇಲ್ಲ ಮಾರಾಯ್ತಿ" ಅಂತ ನಾಚಿಕೊಂಡವರು ಎಷ್ಟೋ ಜನ, ಆದ್ರೆ ಸಣ್ಣ ಮೈಯ ಹುಡುಗಿಗೆ 32ಡಿ ಬರುದು ಏನೂ ವಿಶೇಷ ಅಲ್ಲ.

ಒಂದು ಎಚ್ಚರಿಕೆ. ನಾನು ಕೊಟ್ಟ ಲೆಕ್ಕ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಮಾಲಿಗೆ ಹೊಂದುವಂಥದ್ದು. ಕೆಲವು ಕಂಪೆನಿಯವರು, ಅದರಲ್ಲೂ ವಿದೇಶಿ ಆನ್‌ಲೈನ್ ಚಾರ್ಟುಗಳು, ಕೆಳಸುತ್ತು ಎಷ್ಟು ಇಂಚೋ ಅದನ್ನೇ ಪಟ್ಟಿ ನಂಬರ್ ಅಂತ ಹೇಳ್ತಾವೆ. 75 ಸೆಂಟಿಮೀಟರ್ ಅಂದ್ರೆ ಇಪ್ಪತ್ತೊಂಬತ್ತೂವರೆ ಇಂಚು, ಅವರ ಪ್ರಕಾರ 30, ನಮ್ಮ ಲೆಕ್ಕದಲ್ಲಿ 34. ಪಟ್ಟಿ ನಂಬರ್ ಬದಲಾದಾಗ ಕಪ್ ಅಕ್ಷರವೂ ಎಲ್ಲಿಗೋ ಹೋಗ್ತದೆ. ಹಾಗಾಗಿ ಒಬ್ಬರ ಚಾರ್ಟಲ್ಲಿ ಲೆಕ್ಕ ಮಾಡಿ ಇನ್ನೊಬ್ಬರ ಬ್ರಾ ತಗೊಳ್ಳುದು ಬೇಡ, ತಗೊಳ್ಳುವ ಕಂಪೆನಿಯ ಚಾರ್ಟ್ ನೋಡಿ, ಬಾಕ್ಸಿನಲ್ಲಿ ಸೆಂಟಿಮೀಟರ್ ಕೊಟ್ಟಿದ್ರೆ ಅದನ್ನೇ ನಂಬಿ. ನನ್ನ ಅಭಿಪ್ರಾಯ ಕೇಳಿದ್ರೆ, ಎದೆ ಭಾರ ಇರುವವರು ಚಾರ್ಟ್ ಹೇಳಿದ್ದರ ಜೊತೆ ಪಟ್ಟಿ ಒಂದು ಕಮ್ಮಿ ಕಪ್ ಒಂದು ಹೆಚ್ಚು ಇರುದನ್ನೂ ಒಮ್ಮೆ ಹಾಕಿ ನೋಡ್ಲೇಬೇಕು, ತುಂಬ ಎಳೆಯುವ ಇಲಾಸ್ಟಿಕ್ ಇದ್ರೆ ಅದೇ ಸರಿ ಬರುದು.

ಹಂತ 5: ಅಂಗಡಿಗೆ ಹೋಗುದು

ಶನಿವಾರ ಸಂಜೆ ಹೋಗ್ಬೇಡಿ. ವಾರದ ಮಧ್ಯ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋದ್ರೆ ಕೌಂಟರಲ್ಲಿ ಇರುವವರಿಗೂ ಪುರುಸೊತ್ತು ಇರ್ತದೆ. ಮೊದಲ ಸಲ ಸರಿಯಾದ ಸೈಜ್ ಹುಡುಕುವಾಗ ಟ್ರಯಲ್ ರೂಮ್ ಇರುವ ಕಡೆಗೇ ಹೋಗಿ, ಮಂಗಳೂರಲ್ಲಿ ಕೆ.ಎಸ್. ರಾವ್ ರಸ್ತೆಯ ಅಥವಾ ಪಾಂಡೇಶ್ವರದ ಮಾಲ್, ಉಡುಪಿ ಮಣಿಪಾಲದಲ್ಲಿ ದೊಡ್ಡ ಶೋರೂಮುಗಳು. ರಥಬೀದಿಯ ಸಣ್ಣ ಫ್ಯಾನ್ಸಿ ಅಂಗಡಿಯಲ್ಲಿ ಕಮ್ಮಿಗೆ ಸಿಗ್ತದೆ ನಿಜ, ಆದ್ರೆ ಅಲ್ಲಿ ಹಾಕಿ ನೋಡ್ಲಿಕ್ಕೆ ಜಾಗ ಇರುದಿಲ್ಲ. ಸೈಜ್ ಗೊತ್ತಾದ ಮೇಲೆ ಅಲ್ಲಿಂದ ತಗೊಳ್ಳಿ.

ಹೋಗುವಾಗ ಮೈಗೆ ಕೂರುವ ಒಂದು ಟೀಶರ್ಟ್ ಹಾಕಿಕೊಂಡು ಹೋಗಿ. ನಂಬರ್ ಮತ್ತು ಅಕ್ಷರ ಎರಡೂ ಒಟ್ಟಿಗೆ ಹೇಳಿ, "34ಡಿ, ಪ್ಯಾಡ್ ಇಲ್ಲದ್ದು". ಗಂಡಸರು ಕೌಂಟರಲ್ಲಿದ್ರೆ ಕಾಗದದಲ್ಲಿ ಬರೆದು ಕೊಟ್ರೂ ಆಯ್ತು, ಅವರಿಗೆ ಅದು ಸಾಬೂನು ಮಾರಿದ ಹಾಗೆ. ಟ್ರಯಲ್ ರೂಮಿಗೆ ಮೂರು ತಗೊಂಡು ಹೋಗಿ, ಲೆಕ್ಕದಲ್ಲಿ ಬಂದದ್ದು, ಅದೇ ಪಟ್ಟಿಗೆ ಒಂದು ಕಪ್ ಹೆಚ್ಚಿನದ್ದು, ಮತ್ತೆ ಪಟ್ಟಿ ಒಂದು ಕಮ್ಮಿ ಕಪ್ ಒಂದು ಹೆಚ್ಚಿನದ್ದು. "ಅದಿಲ್ಲ, ಇದೇ ಹಾಕಿ, ಎಳೆದ್ರೆ ಸರಿ ಆಗ್ತದೆ" ಅಂತ ಅವ್ರು ಹೇಳಿದ್ರೆ ಮುಗುಳ್ನಕ್ಕು ಹೊರಗೆ ಬನ್ನಿ. ಸ್ಟಾಕಲ್ಲಿ ಇಲ್ಲದಿದ್ದಾಗ ನಾನೂ ಅದೇ ಡೈಲಾಗ್ ಹೇಳ್ತಿದ್ದೆ, ಅದಕ್ಕೆ ಹೇಳುದು.

ಆನ್‌ಲೈನ್ ಆದ್ರೆ ರಿಟರ್ನ್ ಉಂಟಾ ಇಲ್ವಾ ಅಂತ ಮೊದಲು ಓದಿ, ಮೂರರ ಪ್ಯಾಕ್ ಬೇಡ, ಒಂದೇ ತರಿಸಿ, ಟ್ಯಾಗ್ ಕೀಳ್ಬೇಡಿ.

ಹಂತ 6: ಹಾಕುವ ಕ್ರಮ

ನಗ್ಬೇಡಿ. ಸರಿಯಾದ ಸೈಜನ್ನು ತಪ್ಪಾಗಿ ಹಾಕಿ "ಆಗುದಿಲ್ಲ" ಅಂತ ವಾಪಸ್ ಕೊಟ್ಟವರು ಎಷ್ಟೋ ಜನ.

ಮೊದಲು ಸ್ಟ್ರಾಪ್ ಪೂರ್ತಿ ಉದ್ದ ಮಾಡಿ. ಹೊಸ ಬ್ರಾವನ್ನು ಎಲ್ಲಕ್ಕಿಂತ ಹೊರಗಿನ, ಅಂದ್ರೆ ಅತಿ ಸಡಿಲದ ಹುಕ್ಕಿಗೆ ಹಾಕಿ. ಒಳಗಿನ ಹುಕ್ಕುಗಳು ಇರುದು ಮುಂದೆ ಇಲಾಸ್ಟಿಕ್ ಸಡಿಲ ಆದಾಗ ಬಳಸ್ಲಿಕ್ಕೆ. ಅಂಗಡಿಯಲ್ಲಿ ಒಳಗಿನ ಹುಕ್ಕಿಗೆ ಹಾಕಿ ಸರಿ ಬಂದ ಬ್ರಾ ಎರಡು ತಿಂಗಳಲ್ಲಿ ಸಡಿಲ ಆದ್ರೆ ಮುಂದೆ ಹೋಗ್ಲಿಕ್ಕೆ ಹುಕ್ಕೇ ಇಲ್ಲ.

ಹುಕ್ಕು ಹಾಕಿದ ಮೇಲೆ ಸ್ವಲ್ಪ ಮುಂದೆ ಬಗ್ಗಿ, ಬಲಗೈಯನ್ನು ಎಡಗಡೆಯ ಕಪ್ಪಿನೊಳಗೆ ಹಾಕಿ ಕಂಕುಳ ಬದಿಯಿಂದ ಇರುವುದನ್ನೆಲ್ಲ ಒಳಗೆ ತಂದು ಎತ್ತಿ ಕೂರಿಸಿ. ಇನ್ನೊಂದು ಬದಿಯೂ ಹಾಗೇ. ಕಂಕುಳ ಹತ್ರದ ಉಬ್ಬು ಕೊಬ್ಬು ಅಂತ ತಿಳಿದವರು ತುಂಬ ಜನ, ಸಣ್ಣ ಕಪ್ ವರ್ಷಗಟ್ಟಲೆ ಬದಿಗೆ ತಳ್ಳಿದ ಎದೆಯ ಭಾಗವೂ ಅದರಲ್ಲಿ ಇರ್ತದೆ. ಇದನ್ನು ಮಾಡಿದ ಮೇಲೆ ಕಪ್ ತುಂಬಿ ಹೊರಗೆ ಬಂದ್ರೆ ನಿಮ್ಮ ನಿಜವಾದ ಕಪ್ ದೊಡ್ಡದು ಅಂತ ಅರ್ಥ. ಇಷ್ಟೆಲ್ಲ ಆದ ಮೇಲೆ ಸ್ಟ್ರಾಪ್ ಸರಿ ಮಾಡಿ.

ಹಂತ 7: ಕನ್ನಡಿ ಮುಂದೆ ಪರೀಕ್ಷೆ

1. ಪಟ್ಟಿ. ಪಕ್ಕ ತಿರುಗಿ ನೋಡಿ, ಎದುರು ಎಷ್ಟು ಎತ್ತರದಲ್ಲಿ ಉಂಟೋ ಬೆನ್ನಲ್ಲೂ ಅಷ್ಟೇ ಎತ್ತರ ಅಥವಾ ಸ್ವಲ್ಪ ಕೆಳಗೆ ಇರ್ಬೇಕು. ಹಿಂದೆ ಎರಡು ಬೆರಳು ತೂರಬೇಕು, ಮುಷ್ಟಿ ತೂರಿದ್ರೆ ದೊಡ್ಡದಾಯ್ತು. ಭಾರ ಹೊರುದು ಹೆಚ್ಚಿನ ಪಾಲು ಪಟ್ಟಿ, ಹೆಗಲಲ್ಲ. ಒಮ್ಮೆ ಸ್ಟ್ರಾಪ್ ಎರಡೂ ಹೆಗಲಿಂದ ಇಳಿಸಿ ನೋಡಿ, ಸರಿ ಇರುವ ಬ್ರಾ ಸ್ವಲ್ಪ ಇಳಿದ್ರೂ ನಿಂತ ಜಾಗದಲ್ಲೇ ನಿಲ್ತದೆ, ಸಡಿಲದ್ದು ಸೀದಾ ಹೊಟ್ಟೆಗೆ ಜಾರ್ತದೆ.

2. ನಡುವಿನ ಜೋಡಣೆ. ಕಪ್ಪಿನ ಅಡಿಯಲ್ಲಿ ವಯರ್ ಇರುವ ಬ್ರಾ ಆದ್ರೆ ಎರಡು ಕಪ್ಪಿನ ನಡುವಿನ ತುಂಡು ಎದೆಗೂಡಿನ ಮೂಳೆಗೆ ಅಂಟಿ ಕೂರ್ಬೇಕು. ಗಾಳಿಯಲ್ಲಿ ತೇಲ್ತಾ ಇದ್ರೆ ಹೆಚ್ಚಾಗಿ ಕಪ್ ಸಣ್ಣದು. ವಯರ್ ಇಲ್ಲದ್ದಕ್ಕೆ ಇದು ಪೂರ್ತಿ ಅನ್ವಯ ಆಗುದಿಲ್ಲ.

3. ವಯರ್ ಎಲ್ಲಿ ಕೂತಿದೆ. ಎದೆ ಮುಗಿಯುವ ಮಡಿಕೆಯಲ್ಲೇ, ಎದೆಯ ಹೊರಗೆ ಕೂರ್ಬೇಕು, ತುದಿ ಕಂಕುಳ ನಡುವಿನ ಕಡೆ ಮುಖ ಮಾಡಿರ್ಬೇಕು. ಎದೆಯ ಮೇಲೆಯೇ ಕೂತು ಒತ್ತುದಾದ್ರೆ ಆ ಬ್ರಾ ಬೇಡ, ಎಷ್ಟು ಆಫರ್ ಇದ್ರೂ ಬೇಡ.

4. ಕಪ್ಪಿನ ಅಂಚು. ಮೇಲೆ ಟೀಶರ್ಟ್ ಹಾಕಿ ನೋಡಿ. ಅಂಚು ಒತ್ತಿ ಎದೆ ಎರಡು ಭಾಗ ಆದ ಹಾಗೆ, ಎರಡರ ಬದಲು ನಾಲ್ಕು ಕಾಣ್ತಾ ಉಂಟಾ? ಕಪ್ ಸಣ್ಣದು. ಸುಕ್ಕು ಬಿದ್ದು ಖಾಲಿ ಉಂಟಾ? ಮತ್ತೊಮ್ಮೆ ಬಗ್ಗಿ ಕೂರಿಸಿ, ಆಮೇಲೂ ಖಾಲಿ ಇದ್ರೆ ಮಾತ್ರ ಕಪ್ ದೊಡ್ಡದು ಅಥವಾ ಆಕಾರ ಹೊಂದುದಿಲ್ಲ.

5. ಸ್ಟ್ರಾಪ್. ಹೆಗಲಲ್ಲಿ ಒಂದೋ ಎರಡೋ ಬೆರಳು ಸುಲಭದಲ್ಲಿ ಹೋಗ್ಬೇಕು. ಅಷ್ಟೇ.

ಆಮೇಲೆ ನನ್ನ ಬಸ್ಸಿನ ಪರೀಕ್ಷೆ. ಉಡುಪಿ ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಲ್ಲಿ ಸೀಟ್ ಸಿಗದೆ ಪಡುಬಿದ್ರಿ ತನಕ ನಿಂತು ಹೋಗುವಾಗ ಮೇಲಿನ ರಾಡ್ ಹಿಡೀತೀರಲ್ಲ, ಹಾಗೆ ಎರಡೂ ಕೈ ಮೇಲೆತ್ತಿ. ಪಟ್ಟಿ ಮೇಲೆ ಹತ್ತಿ ಎದೆ ಕೆಳಗಿಂದ ಇಣುಕಿದ್ರೆ ಫೇಲ್. ಆಮೇಲೆ ಬಾವಿಕಟ್ಟೆಯಿಂದ ಕೊಡಪಾನ ಎತ್ತುವ ಹಾಗೆ ಬಗ್ಗಿ ಏಳಿ, ಮೇಲಿಂದ ಹೊರಗೆ ಬಂದ್ರೆ ಫೇಲ್. ಕೊನೆಗೆ ಸ್ಟೂಲಿನಲ್ಲಿ ಕೂತು ಉದ್ದ ಉಸಿರು ಎಳೀರಿ, ಪಕ್ಕೆಲುಬು ಚುಚ್ಚಿದ್ರೆ ಅದೂ ಬೇಡ. ನಿಂತಲ್ಲಿ ಚಂದ ಕಾಣುವ ಬ್ರಾ ಕೂತಾಗ ಬಣ್ಣ ತೋರಿಸ್ತದೆ.

ಹಂತ 8: ಸರಿ ಆಗ್ಲಿಲ್ಲ, ಈಗ ಎಂತ ಮಾಡುದು

ಮೊದಲು ಬಿಗಿ ಇರುದು ಪಟ್ಟಿಯಾ ಕಪ್ಪಾ ಅಂತ ಕಂಡುಹಿಡೀರಿ. ಅದಕ್ಕೆ ಸುಲಭ ಉಪಾಯ ಉಂಟು. ಬ್ರಾವನ್ನು ತಿರುಗಿಸಿ, ಕಪ್ ಬೆನ್ನಿಗೆ ಹುಕ್ಕು ಎದುರಿಗೆ ಬರುವ ಹಾಗೆ ಹಾಕಿ. ಈಗ ಕಪ್ಪಿನೊಳಗೆ ಏನೂ ಇಲ್ಲ, ಪಟ್ಟಿ ಮಾತ್ರ ಮೈಯಲ್ಲಿ. ಹೀಗೆ ಹಾಕಿದಾಗ ಹಾಯಾಗಿ ಇದ್ದು, ಸರಿ ತಿರುಗಿಸಿ ಹಾಕಿದಾಗ ಬಿಗಿ ಆದ್ರೆ ಕಳ್ಳ ಕಪ್, ಪಟ್ಟಿ ಅಲ್ಲ. ಕಪ್ ಏರಿಸಿ. ತಿರುಗಿಸಿ ಹಾಕಿದ್ರೂ ಬಿಗಿ ಅಂದ್ರೆ ಪಟ್ಟಿ ಒಂದು ನಂಬರ್ ಏರಿಸಿ ಕಪ್ ಒಂದು ಇಳಿಸಿ. ಹುಕ್ಕಿಗೆ ಸಿಗಿಸಿ ಪಟ್ಟಿ ಉದ್ದ ಮಾಡುವ ಎಕ್ಸ್‌ಟೆಂಡರ್ ಅಂತ ಫ್ಯಾನ್ಸಿಯಲ್ಲಿ ಸಿಗ್ತದಲ್ಲ, ಅದನ್ನು ತಗೊಳ್ಳುದು ಈ ಪರೀಕ್ಷೆ ಆದ ಮೇಲೆ, ಕಪ್ ಸಣ್ಣ ಇರುವ ಬ್ರಾಗೆ ಎಕ್ಸ್‌ಟೆಂಡರ್ ಹಾಕಿದ್ರೆ ರೋಗ ಒಂದು ಮದ್ದು ಒಂದು.

ಸ್ಟ್ರಾಪ್ ಜಾರ್ತದೆ ಅನ್ನುವವರು ತಕ್ಷಣ ಅದನ್ನೇ ಬಿಗಿ ಮಾಡ್ತಾರೆ. ಬಿಗಿ ಮಾಡಿದಾಗ ಅದು ಹಿಂದಿನ ಪಟ್ಟಿಯನ್ನು ಮೇಲೆ ಎಳೀತದೆ, ಪಟ್ಟಿ ಹತ್ತಿದಾಗ ಎದುರು ಇಳೀತದೆ, ಇಳಿದದ್ದಕ್ಕೆ ಮತ್ತೆ ಬಿಗಿ ಮಾಡುದು, ಸಂಜೆಗೆ ಹೆಗಲಲ್ಲಿ ಗುಂಡಿ, ಕುತ್ತಿಗೆ ನೋವು, ಮಂಡೆ ಬಿಸಿ. ಪಟ್ಟಿ ಚೆಕ್ ಮಾಡಿ ಮೊದಲು. ಪಟ್ಟಿ ಕಪ್ ಎರಡೂ ಸರಿ ಇದ್ದೂ ಜಾರಿದ್ರೆ ನಿಮ್ಮ ಹೆಗಲು ಇಳಿಜಾರು, ಸ್ಟ್ರಾಪ್ ನಡುವಿಗೆ ಹತ್ತಿರ ಇರುವ ಮಾಡೆಲ್, ಅಥವಾ ಬೆನ್ನಲ್ಲಿ ಎರಡೂ ಸ್ಟ್ರಾಪ್ ಹತ್ತಿರ ತರುವ ಸಣ್ಣ ಕ್ಲಿಪ್ ತಗೊಳ್ಳಿ.

ಕಪ್ಪಿನ ಮೇಲ್ಭಾಗ ಖಾಲಿ, ಕೆಳಗೆ ಸರಿ. ಇದು ಹಾಲು ಕೊಡುದು ನಿಲ್ಲಿಸಿದ ಮೇಲೆ, ಸಪೂರ ಆದ ಮೇಲೆ ತುಂಬ ಜನರಿಗೆ ಆಗ್ತದೆ, ಎದೆ ಕೆಳಗೆ ತುಂಬಿ ಮೇಲೆ ಇಳಿದಿರ್ತದೆ. ಕಪ್ ಇಳಿಸಿದ್ರೆ ವಯರ್ ಕೆಳಗೆ ಚುಚ್ಚಲಿಕ್ಕೆ ಶುರು ಆಗ್ತದೆ. ಸೈಜ್ ಅದೇ ಇಟ್ಟು ಕಪ್ಪಿನ ಎತ್ತರ ಕಮ್ಮಿ ಇರುವ ಬಾಲ್ಕನೆಟ್ ಮಾಡೆಲ್ ನೋಡಿ. ಅಚ್ಚು ಹಾಕಿದ ಹಾಗೆ ಗಟ್ಟಿ ಇರುವ ಟೀಶರ್ಟ್ ಬ್ರಾ ಅಂಗಡಿಯ ಗೊಂಬೆಗೆ ಚಂದ ಕೂರ್ತದೆ, ಮನುಷ್ಯರಿಗೆ ಹೊಂದಿಸುದು ಕಷ್ಟ, ಯಾಕಂದ್ರೆ ಅದರ ಆಕಾರಕ್ಕೆ ನಾವು ಹೊಂದಿಕೊಳ್ಬೇಕು. ಮೊದಲ ಸಲ ಸೈಜ್ ಹುಡುಕುವವರು ಹೊಲಿಗೆ ಇರುವ ಮೆತ್ತಗಿನ ಬಟ್ಟೆಯ ಕಪ್ಪಿನಿಂದ ಶುರು ಮಾಡಿ.

ಒಂದು ಬದಿ ದೊಡ್ಡ ಒಂದು ಬದಿ ಸಣ್ಣ ಇರುದು ಸಾಮಾನ್ಯ. ದೊಡ್ಡ ಬದಿಗೆ ಸರಿ ಆಗುವ ಕಪ್ ತಗೊಂಡು ಸಣ್ಣ ಬದಿಗೆ ತೆಗೆಯುವ ಪ್ಯಾಡ್ ಇಡಿ, ಇಲ್ಲದಿದ್ರೆ ಆ ಬದಿಯ ಸ್ಟ್ರಾಪ್ ಚೂರು ಬಿಗಿ ಮಾಡಿ. ಮತ್ತೆ ಬಟ್ಟೆ ಹರಿದು ವಯರ್ ತುದಿ ಹೊರಗೆ ಬಂದ್ರೆ ಹೊಲಿದು ಇನ್ನೊಂದು ವರ್ಷ ಓಡಿಸುವ ಅಂತ ನೋಡ್ಬೇಡಿ, ಬಿಸಾಡಿ.

ಹಂತ 9: ನಮ್ಮ ಊರಿನ ಬೆವರು, ನಮ್ಮ ಊರಿನ ಮಳೆ

ಮಾರ್ಚಿಂದ ಮೇ ತನಕ ಇಲ್ಲಿ ಸ್ನಾನ ಮಾಡಿ ಹೊರಗೆ ಬರುವಷ್ಟರಲ್ಲಿ ಮತ್ತೆ ಒದ್ದೆ. ಎದೆಯ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು ಉಜ್ಜಿ ಕೆಂಪಾಗುದು, ಉರಿಯುದು, ತುರಿಸುದು, ಕೆಲವೊಮ್ಮೆ ಫಂಗಸ್ ಆಗಿ ವಾಸನೆಯೂ ಬರ್ತದೆ. ಸಡಿಲ ಪಟ್ಟಿ ಇದ್ರೆ ಇದು ಜಾಸ್ತಿ, ಯಾಕಂದ್ರೆ ಎದೆ ಚರ್ಮಕ್ಕೆ ಚರ್ಮ ತಾಗಿ ಕೂರ್ತದೆ. ದಿನಾ ಹಾಕ್ಲಿಕ್ಕೆ ಹತ್ತಿ ಅಥವಾ ಹತ್ತಿ ಹೆಚ್ಚಿರುವ, ಪ್ಯಾಡ್ ಇಲ್ಲದ ಬ್ರಾ ಇರಲಿ. ಸ್ನಾನದ ನಂತರ ಮಡಿಕೆ ಒರೆಸಿ ಪೂರ್ತಿ ಒಣಗಿದ ಮೇಲೆ ಹಾಕಿ. ಕೆಂಪು ಕಮ್ಮಿ ಆಗದಿದ್ರೆ ಚರ್ಮದ ಡಾಕ್ಟರ್ ಹತ್ರ ಹೋಗಿ, ಮೆಡಿಕಲಲ್ಲಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಅಂತ ಸ್ಟೀರಾಯ್ಡ್ ಸೇರಿದ ಕ್ರೀಮ್ ತಂದು ಹಚ್ಚಬೇಡಿ, ಎರಡು ದಿನ ಕಮ್ಮಿ ಆದ ಹಾಗೆ ಕಂಡು ಆಮೇಲೆ ಹರಡ್ತದೆ.

ಆಟಿ ತಿಂಗಳಲ್ಲಿ, ಅಂದ್ರೆ ಜುಲೈ ಆಗಸ್ಟಿನ ಜೋರು ಮಳೆಯಲ್ಲಿ, ಸ್ಪಂಜಿನ ಬ್ರಾ ಮೂರು ದಿನ ಆದ್ರೂ ಒಣಗುದಿಲ್ಲ. ಅರೆ ಒದ್ದೆ ಹಾಕಿಕೊಂಡು ಹೋಗುದಕ್ಕಿಂತ ಮಳೆಗಾಲಕ್ಕೆ ತೆಳುವಾದದ್ದು ನಾಲ್ಕೈದು ಬೇರೆ ಇಟ್ಟುಕೊಳ್ಳಿ. ಒಗೆಯುವಾಗ ಹುಕ್ಕು ಹಾಕಿ, ತಣ್ಣೀರಲ್ಲಿ ಕೈಯಲ್ಲಿ, ಬ್ರಷ್ ಬೇಡ, ಕಲ್ಲಿಗೆ ಹೊಡೆಯುದು ಬೇಡ, ಹಿಂಡುದು ಬೇಡ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೀರಿ. ಮಿಷಿನಿಗೆ ಹಾಕ್ಲೇಬೇಕಾದ್ರೆ ಬಲೆ ಚೀಲದಲ್ಲಿ. ಸ್ಟ್ರಾಪಲ್ಲಿ ನೇತು ಹಾಕಿದ್ರೆ ನೀರಿನ ಭಾರಕ್ಕೆ ಇಲಾಸ್ಟಿಕ್ ಎಳೆದು ಹೋಗ್ತದೆ, ನಡುವಿನ ತುಂಡನ್ನು ಹಗ್ಗಕ್ಕೆ ಮಡಚಿ ಹಾಕಿ, ನೆರಳಲ್ಲಿ ಅಥವಾ ಫ್ಯಾನಿನ ಕೆಳಗೆ. ಬೇರೆ ಬಟ್ಟೆಯ ಅಡಿಯಲ್ಲಿ ಅಡಗಿಸಿ ಒಣಗಿಸುವ ಅಭ್ಯಾಸ ಬಿಡಿ, ಗಾಳಿಯೇ ತಾಗದಿದ್ರೆ ಒಣಗುದು ಹೇಗೆ? ಒಂದೇ ಬ್ರಾ ದಿನಾ ಹಾಕ್ಬೇಡಿ, ಇಲಾಸ್ಟಿಕ್ ವಾಪಸ್ ಬರ್ಲಿಕ್ಕೆ ಒಂದು ದಿನ ಬಿಡ್ಬೇಕು. ಎಲ್ಲಕ್ಕಿಂತ ಒಳಗಿನ ಹುಕ್ಕಿಗೆ ಹಾಕಿದ್ರೂ ಪಟ್ಟಿ ಹತ್ತುದಾದ್ರೆ ಅದರ ಆಯುಸ್ಸು ಮುಗೀತು.

ಹಂತ 10: ಮತ್ತೆ ಯಾವಾಗ ಅಳೆಯುದು, ಯಾವಾಗ ಡಾಕ್ಟರ್

ಬೆಳೆಯುವ ಹುಡುಗಿಯರಿಗೆ ಆರು ತಿಂಗಳಿಗೊಮ್ಮೆ, ಉಳಿದವರಿಗೆ ವರ್ಷಕ್ಕೊಮ್ಮೆ ಅಥವಾ ತೂಕ ನಾಲ್ಕೈದು ಕಿಲೋ ಹೆಚ್ಚುಕಮ್ಮಿ ಆದಾಗ. ಮಗಳಿಗೆ ಮೊದಲ ಬ್ರಾ ತಗೊಳ್ಳುವಾಗ "ಬೆಳೀತಾಳೆ" ಅಂತ ದೊಡ್ಡ ಸೈಜ್ ಬೇಡ, ಅದು ಯೂನಿಫಾರ್ಮ್ ಅಲ್ಲ. ಬಸುರಿಯರಿಗೆ ಪಕ್ಕೆಲುಬೂ ಅಗಲ ಆಗ್ತದೆ, ಹುಕ್ಕಿನ ಸಾಲು ಹೆಚ್ಚಿರುವುದನ್ನು ನೋಡಿ. ಹಾಲು ಕೊಡುವ ಅಮ್ಮಂದಿರು ಒತ್ತುವ ವಯರ್ ಮತ್ತು ಬಿಗಿ ಕಪ್ ಎರಡನ್ನೂ ದೂರ ಇಡಿ. ಎದೆಯ ಒಂದು ಭಾಗ ಗಟ್ಟಿಯಾಗಿ ಕೆಂಪಾಗಿ ಜ್ವರ ಬಂದ್ರೆ ಕಾಯಬೇಡಿ, ಅದು ಸೋಂಕು ಇರ್ಬಹುದು. ಓಡುವವರಿಗೆ, ಶಟಲ್ ಆಡುವವರಿಗೆ ಸ್ಪೋರ್ಟ್ಸ್ ಬ್ರಾ ಬೇರೆಯೇ ಬೇಕು, ಅಂಗಡಿಯಲ್ಲೇ ನಾಲ್ಕು ಸಲ ಹಾರಿ ನೋಡಿ ತಗೊಳ್ಳಿ.

ಅಳೆಯುವಾಗ ಅಥವಾ ಕಪ್ಪಿಗೆ ಕೂರಿಸುವಾಗ ಕೈಗೆ ಗಂಟು ಸಿಕ್ಕಿದ್ರೆ, ಚರ್ಮ ಒಂದು ಕಡೆ ಒಳಗೆ ಎಳೆದು ಕುಳಿ ಬಿದ್ರೆ, ಕಿತ್ತಳೆ ಸಿಪ್ಪೆ ಹಾಗೆ ದಪ್ಪ ಆದ್ರೆ, ಮೊಲೆತೊಟ್ಟು ಹೊಸದಾಗಿ ಒಳಗೆ ಹೋದ್ರೆ, ರಕ್ತ ಅಥವಾ ನೀರು ಬಂದ್ರೆ, ಒಂದು ಬದಿ ಮಾತ್ರ ಇದ್ದಕ್ಕಿದ್ದ ಹಾಗೆ ದೊಡ್ಡ ಆದ್ರೆ, ಅದು ಸೈಜಿನ ವಿಷಯ ಅಲ್ಲ. ನೋವಿಲ್ಲ ಅಂತ ಬಿಡ್ಬೇಡಿ. ಮಂಗಳೂರಿನವರಿಗೆ ವೆನ್‌ಲಾಕ್ ಆಸ್ಪತ್ರೆ, ಉಡುಪಿಯವರಿಗೆ ಜಿಲ್ಲಾಸ್ಪತ್ರೆ, ಮಣಿಪಾಲದ ಕೆಎಂಸಿ ಹತ್ತಿರದಲ್ಲೇ ಉಂಟು. ಹಾಗಂತ ವಯರ್ ಬ್ರಾ ಹಾಕಿದ್ರೆ ಕ್ಯಾನ್ಸರ್ ಬರ್ತದೆ ಅಂತ ವಾಟ್ಸಾಪಲ್ಲಿ ತಿರುಗ್ತದಲ್ಲ, ಅದನ್ನು ನಂಬ್ಬೇಡಿ, ಅಮೆರಿಕದ ಸಿಯಾಟಲ್‌ನಲ್ಲಿ 1,500ಕ್ಕಿಂತ ಹೆಚ್ಚು ಹೆಂಗಸರನ್ನು ಕೇಳಿ ಮಾಡಿದ ಅಧ್ಯಯನ 2014ರಲ್ಲಿ ಪ್ರಕಟ ಆಗಿದೆ, ವಯರ್ ಇದ್ರೂ ಇಲ್ಲದಿದ್ರೂ, ದಿನಕ್ಕೆ ಎಷ್ಟು ಗಂಟೆ ಹಾಕಿದ್ರೂ ಸಂಬಂಧ ಕಾಣ್ಲಿಲ್ಲ.

ಹಂತ 11: ಕೊನೆಗೆ ಟೈಲರ್

ಬ್ರಾ ಸರಿ ಮಾಡಿದ ಮೇಲೆ ಹಳೇ ರವಿಕೆಗಳು ಕೈಕೊಡ್ತಾವೆ. ಎದೆ ಇದ್ದ ಜಾಗ ಒಂದು ಇಂಚು ಮೇಲೆ ಹೋಗಿರ್ತದೆ, ಟಕ್ಸ್ ಪಾಯಿಂಟ್, ಅಂದ್ರೆ ಎದೆಗೆ ಆಕಾರ ಕೊಡ್ಲಿಕ್ಕೆ ಹೊಲಿದ ಮಡಿಕೆಯ ತುದಿ, ಕೆಳಗೆ ಉಳೀತದೆ, ಎದುರಿನ ಹುಕ್ಕಿನ ಹತ್ರ ಬಾಯಿ ಬಿಡ್ತದೆ. ಹಾಗಾದ ಕೂಡಲೇ ಹಳೇ ಬ್ರಾಗೆ ವಾಪಸ್ ಹೋಗ್ಬೇಡಿ, ನನ್ನ ಅತ್ತಿಗೆ ಹಾಗೇ ಹೋಗ್ಲಿಕ್ಕೆ ಹೊರಟಿದ್ರು. ಟೈಲರಿಗೆ ಹಳೇ ರವಿಕೆ ಕೊಟ್ಟು "ಇದೇ ಅಳತೆ" ಅಂತ ಹೇಳಿ ಬರುದು ಬಿಟ್ಟು, ಸೀರೆಗೆ ಯಾವ ಬ್ರಾ ಹಾಕ್ತೀರೋ ಅದನ್ನೇ ಹಾಕಿಕೊಂಡು ಹೋಗಿ ಹೊಸದಾಗಿ ಮೈ ಅಳತೆ ಕೊಡಿ. ಮದುವೆ ಸೀಸನಿಗೆ ಎರಡು ತಿಂಗಳು ಮೊದಲೇ ಹೋಗಿ, ಏಪ್ರಿಲಲ್ಲಿ ಹೋದ್ರೆ ಅವ್ರು ಫೋನೂ ಎತ್ತುದಿಲ್ಲ.